ಅರ್ಲೀನ್ ಹೊಲಿದ ಹೆಸರುಗಳು

ನಮ್ಮ ಊರಿನ ಬೇಸ್‌ಬಾಲ್ ತಂಡದ ಹೆಸರು ಹೆರನ್ಸ್, ಅಂದರೆ ಕೊಕ್ಕರೆಗಳು. ಈ ಹೆಸರಿಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಆದರೆ ಮುಂದಿನದನ್ನೆಲ್ಲ ಕಣ್ಣಾರೆ ಕಂಡವನಂತೆ ಇಟ್ಟಿದ್ದಾನೆ. ಒಂಟಿ ಕಾಲಿನಲ್ಲಿ ನಿಂತು ಶೂನ್ಯವನ್ನು ದಿಟ್ಟಿಸುವ ಕಲೆಯಲ್ಲಿ ನಮ್ಮ ಆಟಗಾರರನ್ನು ಮೀರಿಸುವವರು ಈ ದೇಶದಲ್ಲಿಲ್ಲ. ನಿಜವಾದ ಕೊಕ್ಕರೆಗಾದರೂ ಸಂಜೆಯೊಳಗೆ ಒಂದು ಮೀನು ಸಿಗುತ್ತದೆ. ನಮ್ಮವರಿಗೆ ಅದೂ ಇಲ್ಲ. ಆದರೂ ಪೋರ್ಟ್ ಕಾನ್ರಾಯ್‌ನಲ್ಲಿ ಹುಟ್ಟಿದವನಿಗೆ ಬೇರೆ ತಂಡ ಎಲ್ಲಿಂದ ಬರಬೇಕು? ಅಪ್ಪ ಅಮ್ಮನನ್ನು ಆರಿಸಿಕೊಂಡು ಹುಟ್ಟಿದವರು ಯಾರಾದರೂ ಇದ್ದರೆ ಅವರು ತಂಡವನ್ನೂ ಆರಿಸಿಕೊಳ್ಳಲಿ.

ನಾನು ಗಿಲ್ ಫೆದೋರ್ಚಾಕ್. ಬೂಟಿನ ಅಟ್ಟೆ ಬದಲಿಸುತ್ತೇನೆ, ಬೇಸ್‌ಬಾಲ್ ಕೈಗವಸಿಗೆ ಹೊಸ ಚರ್ಮದ ದಾರ ಹೆಣೆಯುತ್ತೇನೆ. ಅರ್ಲೀನ್ ಮತೂಶೆಕ್ ನನ್ನ ಪಕ್ಕದವಳು. ಪಕ್ಕದ ಅಂಗಡಿಯವಳಲ್ಲ, ಅದೇ ಅಂಗಡಿಯ ಪಕ್ಕದ ಅರ್ಧದವಳು. ನಡುವೆ ಒಂದು ಪ್ಲೈವುಡ್ ಗೋಡೆ ಇದೆ, ಅದು ಸೂರಿನ ತನಕ ಹೋಗಿಲ್ಲ, ಕಣ್ಣಿನ ಎತ್ತರಕ್ಕೆ ಒಂದು ತೂತೂ ಇದೆ. ಹಾಗಾಗಿ ಅವಳ ಕಡೆಯ ಮಾತು ನನ್ನ ಕಡೆಗೂ, ನನ್ನ ಕಡೆಯ ಅಂಟಿನ ವಾಸನೆ ಅವಳ ಕಡೆಗೂ ಧಾರಾಳವಾಗಿ ಹೋಗಿಬರುತ್ತವೆ. ಈ ವ್ಯಾಪಾರದಲ್ಲಿ ಲಾಭ ನನಗೇ.

ಅರ್ಲೀನ್‌ಗೆ ಎಪ್ಪತ್ತು ದಾಟಿದೆ. ಕುಳ್ಳಿ, ಗಟ್ಟಿ ಮೈ, ಬಾಯಲ್ಲಿ ಯಾವಾಗಲೂ ನಾಲ್ಕು ಗುಂಡುಪಿನ್ನು. ಆ ಪಿನ್ನುಗಳ ನಡುವಿನಿಂದಲೇ ಮಾತಾಡುತ್ತಾಳೆ, ನಗುತ್ತಾಳೆ, ಬೈಯುತ್ತಾಳೆ. ಇಷ್ಟು ವರ್ಷದಲ್ಲಿ ಒಂದನ್ನೂ ನುಂಗಿಲ್ಲ. ಒಂದು ಮದುವೆ ಆಗಿತ್ತು. ಅದು ಹೊಂದಲಿಲ್ಲ. ಗಂಡನನ್ನೂ ಅವನ ಹೆಸರನ್ನೂ ಒಂದೇ ವಾರದಲ್ಲಿ ಕಿತ್ತುಹಾಕಿ ತವರಿನ ಹೆಸರನ್ನೇ ಮತ್ತೆ ಬೋರ್ಡಿಗೆ ಹಾಕಿಸಿಕೊಂಡಳು. ಹೆಸರು ಕೀಳುವುದರಲ್ಲಿ ಅವಳ ಕೈ ಆಗಿನಿಂದಲೂ ಚುರುಕು.

ಯಾಕೆಂದರೆ ಅವಳ ನಿಜವಾದ ಕಸುಬೇ ಅದು. ಪ್ಯಾಂಟಿನ ಅಂಚು, ಮದುವೆಯ ಗೌನು ಎಲ್ಲ ಇದ್ದದ್ದೇ, ಆದರೆ ನವೆಂಬರ್ ಬಂತೆಂದರೆ ಊರೆಲ್ಲ ಆಟದಂಗಿ ಹಿಡಿದುಕೊಂಡು ಅವಳ ಬಾಗಿಲಿಗೆ ಬರುತ್ತದೆ. ನಮ್ಮಲ್ಲಿ ಅಭಿಮಾನಿ ಎನಿಸಿಕೊಂಡವನು ತಂಡದ ಅಂಗಿ ತೊಡಬೇಕು, ಬೆನ್ನ ಮೇಲೆ ತನ್ನ ಮೆಚ್ಚಿನ ಆಟಗಾರನ ಹೆಸರಿರಬೇಕು. ಅಂಗಿ ಹತ್ತು ವರ್ಷ ಬಾಳುತ್ತದೆ. ಆಟಗಾರ ಬಾಳುವುದಿಲ್ಲ. ಚೆನ್ನಾಗಿ ಆಡತೊಡಗಿದರೆ ನಮ್ಮ ಮಾಲೀಕ ಅವನನ್ನು ದೊಡ್ಡ ತಂಡಕ್ಕೆ ಮಾರುತ್ತಾನೆ, ಕೆಟ್ಟದಾಗಿ ಆಡಿದರೆ ಕೈಬಿಡುತ್ತಾನೆ. ಎರಡೂ ಆಗುವುದು ಆಟವಿಲ್ಲದ ಚಳಿಗಾಲದಲ್ಲೇ. ಆಗ ಜನ ಬಂದು, "ಅರ್ಲೀನ್, ಇವನನ್ನ ಕಿತ್ತು ಅವನನ್ನ ಹಾಕು" ಅನ್ನುತ್ತಾರೆ. ಅವಳು ಕೊಕ್ಕೆಯಂಥ ಸಣ್ಣ ಬ್ಲೇಡಿನಿಂದ ಅಕ್ಷರಗಳನ್ನು ಬಿಡಿಸಿ, ಬಟ್ಟೆಗೆ ಆವಿ ಕೊಟ್ಟು ಇಸ್ತ್ರಿ ಹಾಕಿ, ಹೊಸ ಹೆಸರು ಹೊಲಿಯುತ್ತಾಳೆ. ಕಿತ್ತ ಅಕ್ಷರಗಳು ಬಿಸ್ಕತ್ ಡಬ್ಬಿ ಸೇರುತ್ತವೆ. ಮಿಲ್ಲರ್‌ನ ಬಾಲದಲ್ಲಿದ್ದ ಅಕ್ಷರ ರೋಜರ್ಸ್‌ನ ತಲೆಯಲ್ಲಿ ಕೂರುತ್ತದೆ. ನಮ್ಮ ತಂಡದಲ್ಲಿ ಕಾಯಂ ಕೆಲಸ ಅಂತ ಇರುವುದು ಆ ಅಕ್ಷರಗಳಿಗೆ ಮಾತ್ರ.

ಇದರಿಂದಲೇ ಆ ಮಾತು ಹುಟ್ಟಿತು. ಅರ್ಲೀನ್ ಯಾರ ಹೆಸರು ಹೊಲಿದರೂ ಅವನು ವರ್ಷದೊಳಗೆ ಊರು ಬಿಡುತ್ತಾನೆ ಅಂತ. ಇದಕ್ಕೆ ಮಾಟಮಂತ್ರ ಬೇಕಿಲ್ಲ, ಸ್ವಲ್ಪ ತಲೆ ಇದ್ದರೆ ಸಾಕು. ಜನ ಹೊಲಿಸುವುದು ಚೆನ್ನಾಗಿ ಆಡುವವನ ಹೆಸರನ್ನು, ಮಾಲೀಕ ಮಾರುವುದೂ ಅವನನ್ನೇ. ನಾನು ಇದನ್ನು ಎಷ್ಟು ಜನಕ್ಕೆ ಬಿಡಿಸಿ ಹೇಳಿದರೂ ಎಲ್ಲರೂ ತಲೆದೂಗಿ, "ಅದು ಸರಿ ಗಿಲ್, ಆದ್ರೂ ಅವಳ ದಾರದಲ್ಲಿ ಏನೋ ಇದೆ" ಅನ್ನುತ್ತಿದ್ದರು. ಬೇಸ್‌ಬಾಲ್ ನೋಡುವವರಿಗೆ ಬುದ್ಧಿ ಹೇಳಬಾರದು. ತಂಡ ಗೆಲ್ಲುತ್ತಿರುವಾಗ ಕಾಲುಚೀಲ ತೊಳೆಯದೆ ತಿರುಗುವ ಜನ ಇವರು.

ಅರ್ಲೀನ್ ಈ ಮಾತಿಗೆ ನಗುತ್ತಿದ್ದಳು. "ನನ್ನ ದಾರಕ್ಕೆ ಅಂಥಾ ಶಕ್ತಿ ಇದ್ದಿದ್ರೆ ಮೊದಲು ನಿನ್ನ ಹೆಸರು ಹೊಲೀತಿದ್ದೆ ಕಣೋ. ಈ ಅಂಟಿನ ವಾಸನೆ ತಪ್ತಿತ್ತು" ಎಂದು ಗೋಡೆಯ ಮೇಲಿಂದ ನನಗೆ ಹೇಳುತ್ತಿದ್ದಳು. ನಂಬುವುದಿಲ್ಲ ಅನ್ನುತ್ತಲೇ ಒಂದು ಹೆಸರನ್ನು ಮಾತ್ರ ಅವಳು ಯಾವತ್ತೂ ಹೊಲಿದಿರಲಿಲ್ಲ. ಮಾಲ್ಪಿಕಾ.

ನೆಫ್ತಾಲಿ ಮಾಲ್ಪಿಕಾ ನಮ್ಮ ಕ್ಯಾಚರ್. ದಾಂಡಿಗನ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ಮೈಮೇಲೆ ಬಿದ್ದ ಚೆಂಡನ್ನೆಲ್ಲ ಹಿಡಿಯುವ ಕೆಲಸ. ವೆನೆಜುವೆಲಾದವನು, ಮೂವತ್ತೈದು ದಾಟಿದೆ, ಮೊಣಕಾಲು ಎರಡೂ ಹೋಗಿವೆ. ಬ್ಯಾಟು ಬೀಸಿದರೆ ಚೆಂಡಿಗೆ ತಗಲುವುದು ಅಪರೂಪ. ಆದರೆ ಬಂದಾಗಿನಿಂದ ಇಲ್ಲೇ ಇದ್ದಾನೆ. ಅವನನ್ನು ಕೊಳ್ಳುವಷ್ಟು ಒಳ್ಳೆಯವನು ಅಂತ ಬೇರೆಯವರಿಗೆ ಅನ್ನಿಸಲಿಲ್ಲ, ಕೈಬಿಡುವಷ್ಟು ಕೆಟ್ಟವನು ಅಂತ ನಮ್ಮವರಿಗೆ ಅನ್ನಿಸಲಿಲ್ಲ. ಸೋತ ದಿನವೂ ಬೇಲಿಯ ಬಳಿ ನಿಂತು ಕೊನೆಯ ಮುದುಕನ ತನಕ ಎಲ್ಲರ ಕೈ ಕುಲುಕಿ ಹೋಗುವವನು ಅವನೊಬ್ಬನೇ. ಸೋಲುವ ತಂಡಕ್ಕೆ ಇಂಥವನೊಬ್ಬ ಬೇಕು.

ಅರ್ಲೀನ್ ಬಳಿ ಅವನು ಬಂದದ್ದು ತೊಡೆಯ ಕಾರಣಕ್ಕೆ. ಕ್ಯಾಚರ್‌ಗಳ ತೊಡೆ ಸೇತುವೆಯ ಕಂಬದ ಹಾಗಿರುತ್ತದೆ, ಯಾವ ಅಂಗಡಿಯ ಪ್ಯಾಂಟೂ ಹಿಡಿಸುವುದಿಲ್ಲ. ಅವಳು ಒಳಗೆ ಪಟ್ಟಿ ಕೊಟ್ಟು ಅಗಲ ಮಾಡಿಕೊಟ್ಟಳು. ಆಮೇಲೆ ಪ್ಯಾಂಟು ಇರಲಿ ಬಿಡಲಿ, ಆಟವಿಲ್ಲದ ಸೋಮವಾರಗಳಲ್ಲಿ ಬರತೊಡಗಿದ. ಅವಳು ಮಾಡಿದ ಗಸಗಸೆ ಸುರುಳಿಯನ್ನು ನಿಂತೇ ತಿನ್ನುತ್ತಿದ್ದ, ಕೂತರೆ ಏಳುವುದು ಕಷ್ಟ ಅಂತ. ಅವಳು ಅವನಿಗೆ ತನ್ನ ತವರಿನ ಸ್ಲೊವಾಕ್ ಬೈಗುಳ ಕಲಿಸಿದಳು, ಅವನು ಅವಳಿಗೆ ಸ್ಪ್ಯಾನಿಷ್ ಬೈಗುಳ ಕಲಿಸಿದ. ಇಬ್ಬರೂ ಸೇರಿ ಮಾಲೀಕನನ್ನು ಎರಡು ಭಾಷೆಯಲ್ಲಿ ಬೈದು ಸುಸ್ತಾಗಿ ನಗುತ್ತಿದ್ದರು. ಅವಳಿಗೆ ಮಕ್ಕಳಿಲ್ಲ. ಮಗನಿದ್ದಿದ್ದರೆ ಅವನ ಮೇಲೂ ಇಷ್ಟು ಅಕ್ಕರೆ ಇಟ್ಟುಕೊಳ್ಳುತ್ತಿದ್ದಳೋ ಇಲ್ಲವೋ. ಯಾರಾದರೂ ಮಾಲ್ಪಿಕಾ ಹೆಸರು ಹೊಲಿಸಲು ಬಂದರೆ, "ಆ ಅಕ್ಷರ ಎಲ್ಲಾ ಮುಗಿದೋಗಿದೆ" ಎಂದು ಸಾಗಹಾಕುತ್ತಿದ್ದಳು.

ಇಷ್ಟು ಹೇಳಿದ ಮೇಲೆ ಆ ಚಳಿಗಾಲದ ಕಥೆ ಹೇಳಬಹುದು.

ಆ ವರ್ಷ ಕೊಕ್ಕರೆಗಳು ಸೋತ ಬಗೆಯನ್ನು ವರ್ಣಿಸಿದರೆ ನನಗೇ ಹೊಟ್ಟೆ ಉರಿಯುತ್ತದೆ. ಕೊನೆಯ ಪಂದ್ಯಕ್ಕೆ ಜನ ತಲೆಗೆ ಕಾಗದದ ಚೀಲ ಹಾಕಿಕೊಂಡು, ಕಣ್ಣಿಗೆ ತೂತು ಕೊರೆದುಕೊಂಡು ಬಂದಿದ್ದರು. "ತಂಡ ಮಾರು! ತಂಡ ಮಾರು!" ಎಂದು ಗಂಟಲು ಹರಿದುಕೊಂಡರು. ಮಾಲೀಕ ಲೆಲ್ಯಾಂಡ್ ಗ್ರೂಬ್ಸ್ ಗಾಜಿನ ಕೋಣೆಯಲ್ಲಿ ಕೂತು ಸಿಗಡಿ ತಿನ್ನುತ್ತಿದ್ದ. ತಾತ ಕಟ್ಟಿದ ಹಾಸಿಗೆ ಕಂಪನಿ ಅವನದು. ಆಟಗಾರರಿಗೂ ಅವನು ಹಾಸಿಗೆಯನ್ನೇ ಕೊಡಿಸಿದ್ದಾನೆ, ಅದಕ್ಕೇ ಮೈದಾನದಲ್ಲಿ ನಿದ್ದೆ ಮಾಡುತ್ತಾರೆ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು.

ಹೆಚ್ಚು ಉರಿದುಕೊಂಡವನು ವೆಂಡೆಲ್ ಟ್ರೋಕ್ಸ್. ಬಸ್ಸು ಓಡಿಸಿ ನಿವೃತ್ತನಾದವನು. ಸಂಜೆ ರೇಡಿಯೋದಲ್ಲಿ ಅಭಿಮಾನಿಗಳು ಫೋನ್ ಮಾಡಿ ಮಾತಾಡುವ ಕಾರ್ಯಕ್ರಮ ಇದೆಯಲ್ಲ, ಅದರಲ್ಲಿ ದಿನಾ ಅವನ ದನಿ ಇರಲೇಬೇಕು. ಅವನು ಒಂದು ದಿನ ಅರ್ಲೀನ್ ಬಳಿ ಬಂದು ಖಾಲಿ ಬೆನ್ನಿನ ಅಂಗಿ ಒಂದನ್ನು ಮೇಜಿನ ಮೇಲೆ ಎಸೆದ.

"ಕ್ರೋಲ್ ಅಂತ ಹೊಲಿ."

ಡಸ್ಟಿನ್ ಕ್ರೋಲ್ ಎಂದರೆ ಕೊನೆಯ ಗಳಿಗೆಯಲ್ಲಿ ಬಂದು ಗೆಲುವನ್ನು ಕಾಪಾಡಬೇಕಾದ ಎಸೆತಗಾರ. ಆ ವರ್ಷ ಕೈಗೆ ಬಂದ ಗೆಲುವನ್ನೆಲ್ಲ ಎದುರಾಳಿಗೆ ದಾನ ಮಾಡಿದ್ದ.

"ಕ್ರೋಲಾ? ಅವನ ಹೆಸರು ಕೇಳಿದ್ರೆ ಕಲ್ಲು ಹೊಡೀತೀಯಲ್ಲೋ!" ಅರ್ಲೀನ್ ಪಿನ್ನುಗಳ ನಡುವಿನಿಂದ ಕೇಳಿದಳು.

"ಅದಕ್ಕೇ ಹೊಲಿ ಅಂದಿದ್ದು. ಇಷ್ಟು ವರ್ಷ ಒಳ್ಳೇರನ್ನ ಹೊಲಿದು ಹೊಲಿದು ಓಡಿಸ್ದೆ. ಈ ಸಲ ಕೆಟ್ಟೋರನ್ನ ಓಡಿಸು."

ಅವಳು ನಕ್ಕು ನಕ್ಕು ಪಿನ್ನು ಉಗುಳಬೇಕಾಯಿತು. ತಮಾಷೆಗೆ ಹೊಲಿದುಕೊಟ್ಟಳು. ಆ ವಾರವೇ ತಂಡ ಕ್ರೋಲ್‌ನನ್ನು ಕೈಬಿಟ್ಟಿತು. ಅವನು ಆಡಿದ ಆಟಕ್ಕೆ ಯಾವ ತಂಡವಾದರೂ ಕೈಬಿಡುತ್ತಿತ್ತು, ಆದರೆ ಯಾರು ಕೇಳುತ್ತಾರೆ? ವೆಂಡೆಲ್ ರೇಡಿಯೋದಲ್ಲಿ ಡಂಗುರ ಸಾರಿದ. ಮರುದಿನ ನಮ್ಮ ಬಾಗಿಲಲ್ಲಿ ಸಾಲು. ಎಡಗೈ ಎಸೆತಗಾರನನ್ನ ಓಡಿಸು, ತರಬೇತುದಾರನನ್ನ ಓಡಿಸು, ಲಂಗು ಲಗಾಮಿಲ್ಲದ ಬೇಡಿಕೆಗಳು. ಒಬ್ಬಳು ತನ್ನ ಅಳಿಯನ ಹೆಸರನ್ನೂ ಹೊಲಿಯುತ್ತೀಯಾ ಎಂದು ಮೆಲ್ಲಗೆ ಕೇಳಿದಳು. ಕೊನೆಗೆ ಯಾರಿಗೋ ಹೊಳೆಯಿತು, ಬೇರಿಗೇ ಕೈ ಹಾಕಿದರೆ ಹೇಗೆ ಅಂತ. ಆಮೇಲೆ ಎಲ್ಲರೂ ಒಂದೇ ಹೆಸರು ಕೇಳಿದರು. ಗ್ರೂಬ್ಸ್.

ಅರ್ಲೀನ್ ಹಗಲೆಲ್ಲ ಗ್ರೂಬ್ಸ್ ಹೊಲಿದಳು. ಊರಿನ ಚರ್ಚಿನಲ್ಲಿ, ಬಾರಿನಲ್ಲಿ, ದಿನಸಿ ಅಂಗಡಿಯಲ್ಲಿ, ಎಲ್ಲಿ ನೋಡಿದರೂ ಬೆನ್ನ ಮೇಲೆ ಗ್ರೂಬ್ಸ್. ಪಾದ್ರಿ ಬಲಿಪೀಠದಿಂದ ತಿರುಗಿ ನೋಡಿದರೆ ಮುಂದಿನ ಸಾಲಿನವರು ಎದ್ದು ಹೋಗುವಾಗ ಎಂಟು ಗ್ರೂಬ್ಸ್ ಒಟ್ಟಿಗೆ ನಡೆದು ಹೋದವಂತೆ.

ಎರಡು ವಾರ ಕಳೆದ ಮೇಲೆ ತಂಡದ ಕಚೇರಿಯಿಂದ ಒಬ್ಬ ಬಂದ. ಟಾಡ್ ಇವರ್ಸನ್, ಬಡಕಲು ಮನುಷ್ಯ, ಒಳ್ಳೆಯ ಕೋಟು. ಕೋಟಿನ ಗುಂಡಿ ಕಿತ್ತಿದೆ ಎಂದು ನೆಪ ಹೇಳಿದ. ಗುಂಡಿಯನ್ನು ಅವನೇ ಕಿತ್ತುಕೊಂಡಿದ್ದು ದಾರ ನೋಡಿದರೇ ತಿಳಿಯುತ್ತಿತ್ತು. ನಾನು ಸುತ್ತಿಗೆ ಕೆಳಗಿಟ್ಟು ಕಿವಿ ನಿಮಿರಿಸಿದೆ.

"ಮೇಡಂ, ಗ್ರೂಬ್ಸ್ ಅವರ ಹೆಸರು ಹೊಲಿಯೋದು ನಿಲ್ಲಿಸ್ಬೇಕು."

"ಯಾಕಪ್ಪಾ? ಅಭಿಮಾನದಿಂದ ಹೊಲಿಸ್ತಾರೆ."

ಇವರ್ಸನ್ ದನಿ ತಗ್ಗಿಸಿದ. "ಅವರ ದೋಣಿ ಮುಳುಗಿತು ಮೇಡಂ. ಕಟ್ಟಿ ಹಾಕಿದ್ದ ಹಾಗೇ ಮುಳುಗಿತು. ಮುಂದಿನ ಹಲ್ಲು ಮುರೀತು. ಹೋದ ಶುಕ್ರವಾರ ನಾಯಿ ಕಚ್ಚಿತು."

"ಯಾರ ನಾಯಿ?"

"ಅವರದೇ."

"ಜಾಣ ನಾಯಿ," ಎಂದು ಅರ್ಲೀನ್ ಸೂಜಿಗೆ ದಾರ ಪೋಣಿಸಿದಳು.

"ಕೋರ್ಟಿಗೆ ಹೋಗೋಣ ಅಂತ ನಮ್ಮ ವಕೀಲರು ಅಂತಿದಾರೆ."

"ಹೋಗಿ. ಅಲ್ಲಿನ ಜಡ್ಜೂ ಒಂದು ಗ್ರೂಬ್ಸ್ ಹೊಲಿಸ್ಕೊಂಡು ಹೋಗಿದಾರೆ."

ಇವರ್ಸನ್ ಬೆವರು ಒರೆಸಿಕೊಂಡ. "ಸರಿ ಮೇಡಂ. ನಿಮಗೇನು ಬೇಕು ಹೇಳಿ. ಮಾಲೀಕರ ಪಕ್ಕದ ಕುರ್ಚೀಲಿ ಕೂತು ಆಟ ನೋಡ್ತೀರಾ?"

ಅರ್ಲೀನ್ ಪೋಣಿಸಿದ ಸೂಜಿಯನ್ನು ಮೇಜಿನ ಮೇಲಿಟ್ಟಳು. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಹಿಂದಿನ ಶುಕ್ರವಾರ ಸಂಜೆಯೊಳಗೆ ತಂಡಗಳು ಯಾರನ್ನು ಉಳಿಸಿಕೊಳ್ಳುತ್ತೇವೆ, ಯಾರನ್ನು ಬಿಡುತ್ತೇವೆ ಎಂದು ಹೇಳಬೇಕು. ಮಾಲ್ಪಿಕಾನ ಕರಾರಿನಲ್ಲಿ ಇನ್ನೊಂದು ವರ್ಷ ಇಟ್ಟುಕೊಳ್ಳುವ ಹಕ್ಕು ತಂಡದ್ದು. ಈ ಸಲ ಬಿಡುತ್ತಾರೆ ಎಂದು ಪತ್ರಿಕೆಗಳು ಬರೆದಿದ್ದವು. ಅದನ್ನು ಓದಿದಾಗಿನಿಂದ ಅವಳು ಸೋಮವಾರ ಬಂದರೆ ಸಪ್ಪಗಿರುತ್ತಿದ್ದಳು.

"ಮಾಲ್ಪಿಕಾನ ಉಳಿಸ್ಕೊಳ್ಳಿ," ಅಂದಳು. "ಗ್ರೂಬ್ಸ್ ಹೆಸರು ಇನ್ನು ನನ್ನ ಮಿಷನ್ ಮುಟ್ಟಲ್ಲ."

"ಅಷ್ಟೇನಾ?" ಇವರ್ಸನ್ ಮುಖ ಅರಳಿತು.

"ಅಷ್ಟೇ. ಗುಂಡಿಗೆ ದುಡ್ಡು ಬೇಡ. ಮುಂದಿನ ಸಲ ನೆಪಕ್ಕೆ ಒಳ್ಳೇ ಕೋಟು ಹಾಳು ಮಾಡ್ಬೇಡ."

ಮರುದಿನವೇ ಫೋನ್ ಬಂತು. ಗ್ರೂಬ್ಸ್ ಖುದ್ದು ಅಪ್ಪಣೆ ಕೊಟ್ಟಿದ್ದಾನೆ, ಮಾಲ್ಪಿಕಾ ಇರುತ್ತಾನೆ. ಅರ್ಲೀನ್ ಗೋಡೆ ಸುತ್ತಿ ನನ್ನ ಕಡೆ ಓಡಿ ಬಂದು ನನ್ನ ಬೋಳು ತಲೆಗೆ ಮುತ್ತು ಕೊಟ್ಟಳು. ಬಾಯಲ್ಲಿ ಪಿನ್ನುಗಳಿದ್ದವು ಎನ್ನುವುದು ಇಬ್ಬರಿಗೂ ಆಮೇಲೆ ನೆನಪಾಯಿತು. ಸಾಲಿನಲ್ಲಿ ನಿಂತವರಿಗೆ, "ಕೈ ನೋವು, ಗ್ರೂಬ್ಸ್ ಇನ್ನಿಲ್ಲ" ಎಂದು ಬಾಗಿಲು ಹಾಕಿದಳು. ಒಪ್ಪಂದದ ವಿಷಯ ನಮ್ಮಿಬ್ಬರಲ್ಲೇ ಇರಲಿ ಎಂದು ನನ್ನಿಂದ ಆಣೆ ಹಾಕಿಸಿಕೊಂಡಳು. ಅವತ್ತಿಡೀ ಹಾಡು ಗುನುಗುತ್ತಾ ಪ್ಯಾಂಟಿನ ಅಂಚು ಹೊಲಿದಳು. ಹಾಡು ಕರ್ಣಕಠೋರ, ಆದರೆ ನಾನು ಬೈಯಲಿಲ್ಲ.

ಮುಂದಿನ ವಾರ, ಗಡುವಿಗೆ ಎರಡೇ ದಿನ ಉಳಿದಿದ್ದಾಗ, ಬುಧವಾರ ಮಧ್ಯಾಹ್ನ ಮಾಲ್ಪಿಕಾ ಬಂದ. ಅವನು ಬರುವ ದಿನವಲ್ಲ. ಕೈಯಲ್ಲಿ ಅವನದೇ ಆಟದಂಗಿ, ಬೆನ್ನು ಖಾಲಿ. ಹೆಸರನ್ನು ಅವನೇ ಬಿಡಿಸಿಕೊಂಡು ಬಂದಿದ್ದ. ಗಸಗಸೆ ಸುರುಳಿ ಬೇಡ ಅಂದ. ಅಲ್ಲೇ ಇದ್ದ ಕುರ್ಚಿಯಲ್ಲಿ ಕೂತ. ಅವನು ಕೂತದ್ದನ್ನು ನಾವು ಕಂಡದ್ದು ಅದೇ ಮೊದಲು.

"ಡೋನ್ಯಾ ಅರ್ಲೀನ್, ನನ್ನ ಹೆಸರು ಹೊಲೀರಿ." ಡೋನ್ಯಾ ಅಂದರೆ ಅವನ ಭಾಷೆಯಲ್ಲಿ ಅಮ್ಮಾವ್ರು.

"ತಲೆ ಕೆಟ್ಟಿದೆಯಾ? ನಾನು ನಿನ್ನ ಹೆಸರು ಹೊಲಿಯಲ್ಲ ಅಂತ ಊರಿಗೇ ಗೊತ್ತು."

"ಗೊತ್ತು. ನೀವು ಹೊಲಿದ್ರೆ ಏನಾಗತ್ತೆ ಅಂತಾನೂ ಗೊತ್ತು. ಅದಕ್ಕೇ ಬಂದಿದೀನಿ."

ಅರ್ಲೀನ್ ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು.

ಅವನು ತಡೆದು ತಡೆದು ಹೇಳಿದ. ಹಳೆಯ ಗೆಳೆಯನೊಬ್ಬ ಈಗ ದಕ್ಷಿಣದ ಒಂದು ತಂಡದಲ್ಲಿ ತರಬೇತುದಾರ. ಅದು ಗೆಲ್ಲುವ ತಂಡ, ವರ್ಷ ವರ್ಷವೂ ಅಕ್ಟೋಬರ್ ತಿಂಗಳ ಕಿರೀಟದ ಪಂದ್ಯಗಳಿಗೆ ಹೋಗುತ್ತದೆ. ಬಿಡುಗಡೆ ಆಗಿ ಬಾ, ಜಾಗ ಇದೆ ಎಂದಿದ್ದಾನೆ.

"ನಾನು ಒಂದೇ ಒಂದು ಅಕ್ಟೋಬರ್ ಆಡಿಲ್ಲ ಡೋನ್ಯಾ. ಪ್ರತಿ ವರ್ಷ ಮನೇಲಿ ಕೂತು ಟೀವೀಲಿ ನೋಡ್ತೀನಿ. ಮಗಳು ಕೇಳ್ತಾಳೆ, ಅಪ್ಪಾ ನೀನ್ಯಾಕೆ ಅಲ್ಲಿಲ್ಲ ಅಂತ. ಈ ಮೊಣಕಾಲು ಇನ್ನೊಂದು ವರ್ಷ ತಡೀತವೆ. ಹೆಚ್ಚಿಲ್ಲ."

"ಹಂಗಾದ್ರೆ ಬಿಡು ಅಂತ ಕೇಳ್ಬೇಕಿತ್ತು."

"ಕೇಳಿದ್ದೆ! ಆಯ್ತು ಅಂದಿದ್ರು. ಎಲ್ಲಾ ಮಾತಾಗಿತ್ತು. ಹೋದ ವಾರ ಇದ್ದಕ್ಕಿದ್ದ ಹಾಗೆ ಗ್ರೂಬ್ಸ್ ಇಟ್ಕೊಳ್ಳಿ ಅಂದನಂತೆ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ."

ಗೋಡೆಯ ಈಚೆ ನಾನು ತೂತಿಗೆ ಕಣ್ಣು ಹಚ್ಚಿದೆ. ಅವಳು ಈಗ ಹೇಳಿಬಿಡುತ್ತಾಳೆ ಅಂದುಕೊಂಡೆ. ಹೇಳಲಿಲ್ಲ.

"ಊರಿನೋರಿಗೆ ಮಾತ್ರ ಗೊತ್ತಾಗ್ಬಾರ್ದು," ಅವನು ಮುಂದುವರಿಸಿದ. "ನನ್ನ ಅಷ್ಟು ಇಷ್ಟಪಡ್ತಾರೆ. ಅವನೇ ಹೋಗ್ತೀನಿ ಅಂದ ಅಂತ ತಿಳಿದ್ರೆ ಅವರಿಗೆ ಹೆಂಗಾಗತ್ತೆ ಹೇಳಿ."

"ಅಂಗಿ ಇಲ್ಲಿಡು," ಅಂದಳು ಅರ್ಲೀನ್. "ನಡಿ, ಮನೆಗೆ ಹೋಗು."

ಅವನು ಏಳಲು ಕಷ್ಟಪಟ್ಟ. ಅವಳು ಕೈ ಕೊಟ್ಟು ಎಬ್ಬಿಸಿದಳು. ಬಾಗಿಲಲ್ಲಿ ಅವನು ಅವಳ ಕೆನ್ನೆಗೆ ಕೆನ್ನೆ ತಾಗಿಸಿ ಹೋದ. ಹೋದ ಮೇಲೆ ನಾನು ಅವಳ ಕಡೆಗೆ ಹೋದೆ. ಬೈಯಬೇಕು ಅಂದುಕೊಂಡಿದ್ದವನು ಅವಳ ಮುಖ ನೋಡಿ ಬೈಗುಳ ನುಂಗಿಕೊಂಡೆ.

"ಇವರ್ಸನ್‌ಗೆ ಫೋನ್ ಮಾಡು ಅರ್ಲೀನ್. ಮಾಲ್ಪಿಕಾನ ಬಿಟ್ಬಿಡಿ ಅನ್ನು. ಮುಗೀತು."

"ಮುಗಿಯಲ್ಲ ಕಣೋ. ಬಿಡಿ ಅಂದ್ರೆ, ಓಹೋ, ಇವನಿಗೆ ಎಲ್ಲೋ ಬೆಲೆ ಬಂದಿದೆ ಅಂತ ಗ್ರೂಬ್ಸ್ ಇನ್ನೂ ಗಟ್ಟಿಯಾಗಿ ಹಿಡ್ಕೋತಾನೆ. ಅವನು ಕೊಡೋದು ಹೆದರಿದಾಗ. ಬಿಡೋದು ಸಿಟ್ಟು ಬಂದಾಗ." ಅವಳು ಅಂಗಿಯನ್ನು ಮೇಜಿನ ಮೇಲೆ ಹರಡಿ ಕೈಯಿಂದ ಸವರಿದಳು. "ನನ್ನ ದಾರದ ಮೇಲೆ ನನಗೆ ನಂಬಿಕೆ ಇಲ್ಲ ಗಿಲ್. ಆದ್ರೆ ಗ್ರೂಬ್ಸ್‌ನ ಸಣ್ಣ ಬುದ್ಧಿ ಮೇಲೆ ಪೂರ್ತಿ ನಂಬಿಕೆ ಇದೆ."

ಮೊದಲು ಮಾಲ್ಪಿಕಾ ಹೊಲಿದಳು. ಬೇರೆಯವರ ಹೆಸರನ್ನು ಮಾತಾಡುತ್ತಾ ಹೊಲಿಯುವವಳು ಇದಕ್ಕೆ ಬಾಯಿ ಬಿಡಲಿಲ್ಲ. ಆಮೇಲೆ ಮೆರವಣಿಗೆಯ ಬಾವುಟಗಳಿಗೆಂದು ಇಟ್ಟಿದ್ದ ಮೊಳದುದ್ದದ ಅಕ್ಷರಗಳನ್ನು ಹೊರಗೆ ತೆಗೆದಳು. ಅವನ್ನು ಅಂಗಿಗೆ ಹೊಲಿಯಲಾಗದೆ ಹಾಸಿಗೆಯ ಹೊದಿಕೆಗೆ ಹೊಲಿದಳು. ಹೊದಿಕೆ ಗ್ರೂಬ್ಸ್ ಕಂಪನಿಯದ್ದೇ. ಗುರುವಾರ ಬೆಳಿಗ್ಗೆ ನಮ್ಮ ಅಂಗಡಿಯ ಗಾಜಿನ ತುಂಬ "ಗ್ರೂಬ್ಸ್", ಅದರ ಪಕ್ಕದಲ್ಲಿ ಮಾಲ್ಪಿಕಾನ ಅಂಗಿ. ಮಧ್ಯಾಹ್ನದೊಳಗೆ ಟೀವಿಯವರು ಬಂದು ಚಿತ್ರ ತೆಗೆದುಕೊಂಡು ಹೋದರು.

ಇವರ್ಸನ್ ಫೋನಿನಲ್ಲಿ ಕಿರುಚಿದ್ದು ಗೋಡೆ ದಾಟಿ ನನಗೂ ಕೇಳಿತು. "ಮೇಡಂ! ನಮ್ಮ ಒಪ್ಪಂದ ಏನಾಯ್ತು?"

"ಒಪ್ಪಂದ ಮುರಿಯೋದು ನನಗೆ ಹೊಸದಲ್ಲಪ್ಪ. ನನ್ನ ಗಂಡನ್ನ ಕೇಳು."

"ಸಾಹೇಬರು ಕೆಂಡ ಕಾರ್ತಿದಾರೆ! ಮಾಲ್ಪಿಕಾ ಗತಿ ಏನಾಗತ್ತೆ ಗೊತ್ತಾ?"

ಅರ್ಲೀನ್ ಗೋಡೆಯ ತೂತಿನ ಕಡೆ ನೋಡಿ ನನಗೆ ಒಂದು ಕಣ್ಣು ಹೊಡೆದಳು. ಆಮೇಲೆ ಚರ್ಚಿನಲ್ಲಿ ಅಳುವ ವಿಧವೆಯರ ದನಿ ತೆಗೆದಳು. "ಅಯ್ಯೋ ದೇವರೇ! ನಿಮ್ಮ ದಮ್ಮಯ್ಯ, ಅವನನ್ನ ಮಾತ್ರ ಏನೂ ಮಾಡ್ಬೇಡಿ! ಅವನನ್ನ ಬಿಟ್ರೆ ನಾನು ಸತ್ತೇ ಹೋಗ್ತೀನಿ ಅಂತ ಗ್ರೂಬ್ಸ್ ಸಾಹೇಬರಿಗೆ ಹೇಳಿ!"

ಫೋನ್ ಇಟ್ಟ ಮೇಲೂ ದನಿಯ ನಡುಕ ಹೋಗಲಿಲ್ಲ. ನಟನೆಯಲ್ಲಿ ಎಷ್ಟು ಪಾಲು ನಿಜ ಬೆರೆತಿತ್ತೋ ಅವಳಿಗೇ ಗೊತ್ತು.

ಶುಕ್ರವಾರ ಸಂಜೆ ಸುದ್ದಿ ಬಂತು. ಕೈಬಿಟ್ಟವರಲ್ಲಿ ಮೊದಲ ಹೆಸರೇ ನೆಫ್ತಾಲಿ ಮಾಲ್ಪಿಕಾ. ಅರ್ಧ ಗಂಟೆಯಲ್ಲಿ ಜನ ನಮ್ಮ ಬಾಗಿಲ ಮುಂದೆ ಸೇರಿದರು. ಯಾರೋ ಗಾಜಿಗೆ ಉಗುಳಿದರು. ಮಗುವಿನ ಬ್ಯಾಪ್ಟಿಸಂ ಗೌನನ್ನು ಅರ್ಲೀನ್ ಕೈಯಲ್ಲೇ ಹೊಲಿಸಿಕೊಂಡಿದ್ದ ಹೆಂಗಸೊಬ್ಬಳು ಒಳಗೆ ಬಂದು, "ನಿನಗೆ ಅವನೇ ಬೇಕಿತ್ತಾ? ನಮಗಿದ್ದೋನು ಅವನೊಬ್ಬ!" ಎಂದು ಅತ್ತು, ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನು ಹಾಗೇ ಬಾಚಿಕೊಂಡು ಹೋದಳು. ನನಗೆ ತಡೆಯಲಾಗಲಿಲ್ಲ. ಗೋಡೆ ಸುತ್ತಿ ಹೋಗಿ, ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅರ್ಲೀನ್ ನನ್ನ ಪಾದವನ್ನು ಹಿಮ್ಮಡಿಯಿಂದ ಹೊಸಕಿದಳು. ಬೂಟು ರಿಪೇರಿ ಮಾಡುವವನ ಕಾಲಿನ ಮೇಲೆ ಕಾಲಿಡುವ ಧೈರ್ಯ ಊರಲ್ಲಿ ಅವಳೊಬ್ಬಳಿಗೇ.

ಜನ ಚದುರಿದ ಮೇಲೆ ರೇಡಿಯೋ ಹಾಕಿದಳು. ವೆಂಡೆಲ್ ಟ್ರೋಕ್ಸ್ ಆಗಲೇ ಲೈನಿನಲ್ಲಿದ್ದ. ದನಿ ಒಡೆದುಹೋಗಿತ್ತು. "ಗ್ರೂಬ್ಸ್ ಹಾಳಾಗ್ಲಿ, ಅವನು ಯಾವತ್ತೂ ಹಾಗೇ. ಆದ್ರೆ ಅವಳು ನಮ್ಮೋಳು! ನಮ್ಮ ಬೀದಿಯೋಳು! ಬೇಕಂತ ಹೊಲಿದು ಗಾಜಿಗೆ ನೇತು ಹಾಕಿದಾಳೆ!"

ಅರ್ಲೀನ್ ಆ ಕಾರ್ಯಕ್ರಮಕ್ಕೆ ಜನ್ಮದಲ್ಲಿ ಫೋನ್ ಮಾಡಿದವಳಲ್ಲ. ಅವತ್ತು ಮಾಡಿದಳು. ಹೆಸರು ಹೇಳಿದ ಕೂಡಲೇ ನಿರೂಪಕ ಕುಣಿದಾಡಿಬಿಟ್ಟ. ವೆಂಡೆಲ್‌ನನ್ನೂ ಲೈನಿನಲ್ಲೇ ಉಳಿಸಿಕೊಂಡ.

"ಮೇಡಂ, ಮಾಲ್ಪಿಕಾ ಹೆಸರು ನೀವೇ ಹೊಲಿದದ್ದಾ?"

"ನಾನೇ. ಎರಡು ಸಾಲು ಹೊಲಿಗೆ ಹಾಕಿದೀನಿ. ಬಿಚ್ಚಲ್ಲ."

"ಯಾರಾದ್ರೂ ಹೇಳಿ ಮಾಡಿಸಿದ್ರಾ?"

"ನನಗೆ ಹೇಳಿ ಮಾಡಿಸೋರು ಇನ್ನೂ ಹುಟ್ಟಿಲ್ಲ. ನಾನೇ ಹೋಗ್ಲಿ ಅಂತ ಹೊಲಿದೆ."

"ಯಾಕೆ ಅರ್ಲೀನ್?" ವೆಂಡೆಲ್ ಕೂಗಿದ. "ಬೇರೆ ಯಾರನ್ನಾದ್ರೂ ಕಳಿಸ್ಬೇಕಿತ್ತು. ಎಲ್ಲಾರೂ ಬಿಟ್ಟೋದ್ರು, ಅವನೊಬ್ಬ ಇದ್ದ. ಇಷ್ಟು ವರ್ಷ ನಮ್ಮ ಜೊತೆ ಸೋತಿದಾನೆ ಕಣೇ ಅವನು!"

"ಹೌದು ವೆಂಡೆಲ್," ಅಂದಳು ಅರ್ಲೀನ್. "ಇಷ್ಟು ವರ್ಷ ನಮ್ಮ ಜೊತೆ ಸೋತಿದಾನೆ. ಸಾಲ್ದಾ?"

ರೇಡಿಯೋದಲ್ಲಿ ವೆಂಡೆಲ್ ಉಸಿರಾಡುವುದು ಮಾತ್ರ ಕೇಳುತ್ತಿತ್ತು.

"ಸಾಕು," ಎಂದ ವೆಂಡೆಲ್ ಕೊನೆಗೆ. ಅಷ್ಟು ಮೆತ್ತಗಿನ ದನಿ ಅವನಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. "ಸಾಕು ಬಿಡು ಅರ್ಲೀನ್. ಒಬ್ಬನಾದ್ರೂ ಗೆಲ್ಲಲಿ."

ಆಮೇಲೆ ಅವರು ಹಾಸಿಗೆಯ ಜಾಹೀರಾತು ಹಾಕಿದರು. ಅರ್ಲೀನ್ ಫೋನ್ ಇಟ್ಟು, ಮುಖ ಮುಚ್ಚಿಕೊಳ್ಳದೆ, ನನ್ನ ಎದುರಿಗೇ ಅತ್ತಳು.